ಹಳೆಯ ಟ್ರ್ಯಾಕ್ಟರುಗಳ ಮುಂಗಾಲಿ ಸ್ಟೇರಿಂಗ್: ಬಿಗಿದ ಭಾಗಗಳನ್ನು ಬಿಚ್ಚುವ, ಮರಳಿ ಕೂಡಿಸುವ ಕೆಲಸ

ಟ್ರ್ಯಾಕ್ಟರಿನ ಮುಂದಿನ ಆಕ್ಸಲ್, ಅದರ ಎರಡೂ ತುದಿಗಳಲ್ಲಿ ನಿಂತು ತಿರುಗುವ ಸ್ಟಬ್ ಆಕ್ಸಲ್, ಅದರ ತಲೆಗೆ ಕೂಡಿಸಿದ ಸ್ಟೇರಿಂಗ್ ಆರ್ಮ್, ಆರ್ಮಿಗೆ ಸಿಕ್ಕಿಸಿದ ಟೈರಾಡ್ ಮತ್ತು ಡ್ರ್ಯಾಗ್ ಲಿಂಕ್, ಸ್ಟೇರಿಂಗ್ ಬಾಕ್ಸಿನಿಂದ ಇಳಿಬಿದ್ದ ಡ್ರಾಪ್ ಆರ್ಮ್: ಇವಿಷ್ಟೂ ಸೇರಿ ಚಾಲಕನ ಕೈತಿರುವನ್ನು ಮುಂಗಾಲಿಗೆ ಮುಟ್ಟಿಸುತ್ತವೆ. ಹತ್ತಿಪ್ಪತ್ತು ವರ್ಷ ದುಡಿದ ಗಾಡಿಯಲ್ಲಿ ಈ ಭಾಗಗಳು ಒಂದಕ್ಕೊಂದು ಕಚ್ಚಿ ಕೂತಿರುತ್ತವೆ. ಅವನ್ನು ಮುರಿಯದೆ, ಬಾಗಿಸದೆ ಬಿಡಿಸಿ ಮರಳಿ ಕೂಡಿಸುವುದು ಟ್ರ್ಯಾಕ್ಟರ್ ಮಿಸ್ತ್ರಿಯ ಕೈಚಳಕ ಬೇಡುವ ಕೆಲಸಗಳಲ್ಲೊಂದು. ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣಕ್ಕಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಮಣ್ಣು, ಕಲ್ಲು, ಬೆಳೆಗಳನ್ನು ಮುಂದಿಟ್ಟುಕೊಂಡು ಈ ಕೆಲಸದ ಬಗೆಯನ್ನು ಇಲ್ಲಿ ವಿವರಿಸಿದೆ.

ನೆಲ ಮತ್ತು ದುಡಿಮೆ

ಶಹಾಬಾದಿನಿಂದ ವಾಡಿ, ಚಿತ್ತಾಪುರ, ಮಳಖೇಡ, ಸೇಡಂವರೆಗೂ ನೆಲದಡಿಗೆ ಭೀಮಾ ಕೊಳ್ಳದ ಸುಣ್ಣಕಲ್ಲು ಹಾಸಿಕೊಂಡಿದೆ. ಪದರ ಪದರವಾಗಿ ಏಳುವ ಫರಸಿ ಕಲ್ಲಿಗೆ ಶಹಾಬಾದಿನ ಹೆಸರೇ ನಿಂತಿದೆ. ಇದೇ ಕಲ್ಲನ್ನು ನಂಬಿ ವಾಡಿಯಲ್ಲಿ 1968ರಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಬಂತು; ಸೇಡಂ, ಮಳಖೇಡಗಳಲ್ಲೂ ಸಿಮೆಂಟ್ ಕಾರ್ಖಾನೆಗಳಿವೆ. ಮೇಲಿನ ಹೊದಿಕೆ ಎರೆಮಣ್ಣು, ಅದರಲ್ಲಿ ಬೆಳೆಯುವುದು ಮುಖ್ಯವಾಗಿ ತೊಗರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಚಿಂಚೋಳಿಯತ್ತ ಹೋದಂತೆ ಜಂಬಿಟ್ಟಿಗೆಯ ಕೆಂಪು ದಿಣ್ಣೆಗಳು, ಕಾಡು ಎದುರಾಗುತ್ತವೆ.

ಹೀಗಾಗಿ ಒಂದೇ ಟ್ರ್ಯಾಕ್ಟರಿಗೆ ಎರಡು ಬದುಕು. ಮುಂಗಾರಿಗೆ ಹರಗುವುದು, ಬಿತ್ತುವುದು. ತೊಗರಿ ರಾಶಿಯಾದ ಮೇಲೆ ಟ್ರೇಲರ್ ಕಟ್ಟಿಕೊಂಡು ಫರಸಿ, ಜಲ್ಲಿ, ಇಟ್ಟಿಗೆ ಹೊರುವುದು. ಮುಂಗಾಲಿಯ ಕೀಲುಗಳಿಗೆ ಎರಡೂ ಬೇರೆ ಬೇರೆ ಬಗೆಯ ಕಾಟ ಕೊಡುತ್ತವೆ. ಒದ್ದೆ ಎರೆಮಣ್ಣು ಗಾಲಿಯ ಗುಂಬದಿಂದ ಮೇಲಕ್ಕೆ ಮೆತ್ತಿಕೊಂಡು ಸ್ಟಬ್ ಆಕ್ಸಲಿನ ಕೆಳಗಿನ ಸೀಲಿನೊಳಗೆ ಇಳಿಯುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದಾಗ ಗಾರೆಯಂತೆ ಗಟ್ಟಿಯಾಗುತ್ತದೆ. ಸುಣ್ಣಕಲ್ಲಿನ ದೂಳನ್ನು ಜನ ಇದಕ್ಕಿಂತ ಕೆಟ್ಟದ್ದೆಂದು ದೂರುವುದುಂಟು. ನಿಜ ಹೇಳಬೇಕೆಂದರೆ ಸುಣ್ಣಕಲ್ಲು ಮೆದು. ಉಕ್ಕನ್ನು ಅರೆಯುವ ಶಕ್ತಿ ಮರಳಿನ ಹರಳಿಗಿರುವಷ್ಟು ಅದಕ್ಕಿಲ್ಲ. ಅದರ ಕೇಡು ಬೇರೆ: ನುಣ್ಣನೆಯ ದೂಳು ಗ್ರೀಸನ್ನು ಹೀರಿ ಹೆಪ್ಪಾಗಿಸುತ್ತದೆ. ಗ್ರೀಸ್ ಹೋಗುವ ಕಿರುದಾರಿ ಮುಚ್ಚಿದ ಮೇಲೆ ಗ್ರೀಸ್ ಗನ್ ಎಷ್ಟು ಒತ್ತಿದರೂ ಹೊಸ ಗ್ರೀಸ್ ಒಳಗೆ ಇಳಿಯುವುದಿಲ್ಲ. ಮುಂದಿನದು ತುಕ್ಕಿನ ಕೆಲಸ.

ಕಲ್ಲಿನ ಟ್ರೇಲರ್ ಎಳೆಯುವ ಗಾಡಿಯಲ್ಲಿ ಇನ್ನೊಂದು ಮೋಸವಿದೆ. ಹಿಂದಿನ ಕೊಂಡಿಯ ಮೇಲೆ ಭಾರ ಬಿದ್ದಾಗ ಮುಂಭಾಗ ಹಗುರಾಗುತ್ತದೆ, ಸ್ಟೇರಿಂಗ್ ಸಲೀಸಾಗಿ ತಿರುಗಿದಂತೆ ತೋರುತ್ತದೆ. ಟ್ರೇಲರ್ ಬಿಚ್ಚಿ ಹೊಲಕ್ಕಿಳಿಸಿದ ದಿನವೇ 'ಸ್ಟೇರಿಂಗ್ ಜಾಮ್ ಆಗ್ಯಾದ' ಎಂಬ ದೂರು ಬರುವುದು. ಅಷ್ಟರಲ್ಲಿ ಕಿಂಗ್‌ಪಿನ್, ಅಂದರೆ ಸ್ಟಬ್ ಆಕ್ಸಲಿನ ನಿಲುಗಂಬ, ತಿಂಗಳುಗಟ್ಟಲೆ ಒಣಗಿ ತಿರುಗಿರುತ್ತದೆ. ರೈತರೆಲ್ಲ ಮೊದಲ ಮಳೆಗೆ ಮುನ್ನ ಗಾಡಿ ಸಜ್ಜುಮಾಡಿಕೊಳ್ಳಲು ಬರುವುದರಿಂದ ಗ್ಯಾರೇಜುಗಳಿಗೆ ಮೇ ತಿಂಗಳೇ ಸುಗ್ಗಿ. ಆ ಅವಸರದಲ್ಲಿ ಅರ್ಧ ಕೆಲಸ ಕೆಡುತ್ತದೆ.

ಗಾಡಿಗಳ ಪೀಳಿಗೆ

ಇಲ್ಲಿ ಹಳೆಯದು ಎಂದರೆ ಪವರ್ ಸ್ಟೇರಿಂಗ್ ಬರುವ ಮುಂಚಿನದು. ಭಾರತದಲ್ಲಿ ಐಷರ್ 1959ರಲ್ಲಿ ಫರೀದಾಬಾದಿನಲ್ಲಿ ಟ್ರ್ಯಾಕ್ಟರ್ ಹೊರತಂದಿತು. ಮರುವರ್ಷ ಚೆನ್ನೈಯಲ್ಲಿ ಟಾಫೆ ಹುಟ್ಟಿ ಮ್ಯಾಸಿ ಫರ್ಗುಸನ್ ಗಾಡಿಗಳನ್ನು ತಯಾರಿಸತೊಡಗಿತು. 1963ರಿಂದ ಮಹೀಂದ್ರ ಸಂಸ್ಥೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ ಬಿ-275 ಮಾಡಿತು. 1971ರಲ್ಲಿ ಎಸ್ಕಾರ್ಟ್ಸ್‌ನಿಂದ ಫೋರ್ಡ್ 3000, ಅದೇ ವರ್ಷ ಎಚ್‌ಎಂಟಿಯ ಪಿಂಜೋರ್ ಘಟಕದಿಂದ ಝೆಟರ್ ತಂತ್ರದ 2511, 1974ರಲ್ಲಿ ಪಂಜಾಬಿನ ಸ್ವರಾಜ್ 724 ಬಂದವು.

ಬಿಚ್ಚುವವನಿಗೆ ಈ ಹೆಸರುಗಳಿಗಿಂತ ಜೋಡಣೆಯ ವ್ಯತ್ಯಾಸ ಮುಖ್ಯ. ಇಂಗ್ಲೆಂಡಿನಲ್ಲಿ 1946ರಲ್ಲಿ ಬಂದ ಫರ್ಗುಸನ್ ಟಿಇ-20ರ ವಂಶದ ಗಾಡಿಗಳಿಗೆ ಸ್ಟೇರಿಂಗ್ ಬಾಕ್ಸಿನ ಎಡಬಲಕ್ಕೆ ಎರಡು ಡ್ರಾಪ್ ಆರ್ಮ್, ಎರಡು ಡ್ರ್ಯಾಗ್ ಲಿಂಕ್ ಇರುತ್ತವೆ. ಮುಂದಿನ ಆಕ್ಸಲ್ ಹಿಂದಕ್ಕೆ ಬಾಗಿರುತ್ತದೆ. ಸಾಲಿನ ಅಗಲಕ್ಕೆ ತಕ್ಕಂತೆ ಮುಂಗಾಲಿಗಳನ್ನು ಹೊರಕ್ಕೆ ಸರಿಸಿದರೂ ಸ್ಟೇರಿಂಗ್ ಹೊಂದಿಕೆ ಕೆಡದ ಹಾಗೆ ಮಾಡಿದ ಜಾಣ ಏರ್ಪಾಡು ಅದು. ಎಚ್‌ಎಂಟಿ 2511ರಂಥವುಗಳಲ್ಲಿ ಒಂದೇ ಡ್ರ್ಯಾಗ್ ಲಿಂಕ್ ಒಂದು ಗಾಲಿಯನ್ನು ಹೊರಳಿಸುತ್ತದೆ, ಆ ಗಾಲಿ ಟೈರಾಡಿನ ಮೂಲಕ ಇನ್ನೊಂದನ್ನು ಎಳೆದೊಯ್ಯುತ್ತದೆ. ಎರಡು ಡ್ರಾಪ್ ಆರ್ಮಿನ ಗಾಡಿಯಲ್ಲಿ ಎಡಬಲ ಅದಲುಬದಲಾದರೆ, ಒಂದು ಹಲ್ಲು ಆಚೀಚೆ ಕೂತರೆ, ಗಾಲಿಗಳು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಹೊರಳುತ್ತವೆ.

ಯಾವುದು ಬಿಗಿ ಎಂದು ಮೊದಲು ಹುಡುಕುವುದು

ಸ್ಟೇರಿಂಗ್ ಗಟ್ಟಿಯಾಯಿತೆಂದ ಕೂಡಲೇ ಬಾಕ್ಸ್ ಬಿಚ್ಚುವ ಚಾಳಿ ಎಲ್ಲೆಡೆ ಇದೆ. ಅದು ದುಬಾರಿ ಮತ್ತು ಬಹಳ ಸಲ ವ್ಯರ್ಥ. ಮುಂಭಾಗ ಎತ್ತಿ, ಲಿಂಕುಗಳನ್ನು ಸ್ಟೇರಿಂಗ್ ಆರ್ಮಿನಿಂದ ಕಳಚಿ, ಪ್ರತಿ ಗಾಲಿಯನ್ನೂ ಕೈಯಿಂದ ಹೊರಳಿಸಿ ನೋಡಿದರೆ ಸಾಕು. ಒಂದು ಗಾಲಿ ಸಲೀಸು, ಇನ್ನೊಂದಕ್ಕೆ ಮೈಭಾರ ಹಾಕಬೇಕಾದರೆ ರೋಗ ಆ ಕಡೆಯ ಕಿಂಗ್‌ಪಿನ್ನಿನಲ್ಲಿದೆ. ಎರಡೂ ಸಲೀಸಾಗಿ, ಲಿಂಕ್ ಕಳಚಿದ ಮೇಲೂ ಸ್ಟೇರಿಂಗ್ ಚಕ್ರ ಗಟ್ಟಿಯಾಗಿಯೇ ತಿರುಗಿದರೆ ಆಗ ಬಾಕ್ಸಿನ ಮೇಲೆ ಅನುಮಾನ ಪಡಬಹುದು.

ಎತ್ತುವಾಗಿನ ಎಚ್ಚರಿಕೆ ಇನ್ನೆಲ್ಲಕ್ಕಿಂತ ದೊಡ್ಡದು. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗುತ್ತಿರುತ್ತದೆ. ಒಂದು ತುದಿಗೆ ಜಾಕ್ ಕೊಟ್ಟು ಗಾಲಿ ತೆಗೆದರೆ ಗಾಡಿ ಆ ಪಿನ್ನಿನ ಸುತ್ತ ವಾಲಬಹುದು. ಆದ್ದರಿಂದ ಆಕ್ಸಲ್ ಮತ್ತು ಅದರ ಮೇಲಿನ ಬೆಂಬಲದ ನಡುವೆ ಎರಡೂ ಬದಿಗೆ ಗಟ್ಟಿ ಮರದ ಬೆಣೆ ಬಡಿಯಬೇಕು, ಹಿಂದಿನ ಗಾಲಿಗೆ ಕಲ್ಲು ಕೊಡಬೇಕು, ಜಾಕನ್ನು ನಂಬದೆ ಸ್ಟ್ಯಾಂಡ್ ಅಥವಾ ಮರದ ದಿಮ್ಮಿ ಇಡಬೇಕು. ಫರಸಿ ಚೂರುಗಳನ್ನು ಪೇರಿಸಿ ಊರೆ ಕೊಡುವುದು ಈ ಸೀಮೆಯಲ್ಲಿ ಸುಲಭಕ್ಕೆ ಸಿಗುವ ದಾರಿ. ಆದರೆ ಪದರಗಲ್ಲು ಭಾರ ಒಂದು ಮೂಲೆಗೆ ಬಿದ್ದರೆ ಮುನ್ಸೂಚನೆ ಇಲ್ಲದೆ ಸೀಳುತ್ತದೆ. ಅದನ್ನು ಗಾಡಿಯಡಿ ಇಡಬಾರದು.

ಟೇಪರ್ ಕೀಲು

ಮುಂಭಾಗದಲ್ಲಿ ಬಿಗಿ ಎನ್ನುವುದು ಒಂದೇ ಬಗೆಯದಲ್ಲ. ಟೇಪರ್ ಬಿಗಿಗೆ ಬೇಕಾದದ್ದು ಹೊಡೆತದ ಅದುರು. ಹಲ್ಲಿನ ಜೋಡಣೆಗೆ ಸೀಳನ್ನು ಅಗಲಿಸಬೇಕು. ತುಕ್ಕು ಹಿಡಿದ ಪಿನ್ನಿಗೆ ಎಣ್ಣೆ ಮತ್ತು ತಾಳ್ಮೆ, ಬುಶ್ಶಿಗೆ ನೇರವಾದ ಎಳೆತ ಬೇಕು. ಎಲ್ಲಕ್ಕೂ ಸಮ್ಮಟಿಗೆಯನ್ನೇ ಎತ್ತಿದರೆ ಕಳಚಿದ ಭಾಗ ಗುಜರಿಗೆ ಹೋಗುತ್ತದೆ.

ಟೈರಾಡ್ ಎಂಡಿನ ಬಾಲ್‌ಜಾಯಿಂಟಿನ ಕಂಬ ಕೆಳಗೆ ಸಣ್ಣ, ಮೇಲೆ ದಪ್ಪ. ಸಾಮಾನ್ಯವಾಗಿ 1:8 ಅಥವಾ 1:10ರ ಇಳಿಜಾರು. 1:10ರ ಟೇಪರಿನಲ್ಲಿ ಒಂದು ಬದಿಯ ಓರೆ 3 ಡಿಗ್ರಿಗೂ ಕಡಿಮೆ. ಉಕ್ಕಿಗೆ ಉಕ್ಕು ಒಣಗಿ ತಾಗಿದಾಗ ಜಾರಲು ಇದರ ಎರಡು ಪಟ್ಟಿಗೂ ಹೆಚ್ಚು ಓರೆ ಬೇಕು. ಹಾಗಾಗಿ ಒಮ್ಮೆ ನಟ್ಟು ಎಳೆದು ಕೂಡಿಸಿದ ಮೇಲೆ ನಟ್ಟು ಬಿಚ್ಚಿದರೂ ಕೀಲು ತಾನಾಗಿ ಸಡಿಲವಾಗುವುದಿಲ್ಲ. ಅದು ದೋಷವಲ್ಲ, ಹಾಗೆ ಹಿಡಿದಿರಲೆಂದೇ ಮಾಡಿದ್ದು.

ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಪೂರ್ತಿ ಬಿಚ್ಚದೆ ನಾಲ್ಕಾರು ಸುತ್ತು ಮಾತ್ರ ಸಡಿಲಿಸಬೇಕು. ಕೀಲು ಹಾರಿದಾಗ ಲಿಂಕ್ ಕಾಲ ಮೇಲೆ ಬೀಳದಂತೆ ನಟ್ಟೇ ತಡೆಯುತ್ತದೆ. ಹೆಚ್ಚಿನವರು ಇಲ್ಲಿ ಮಾಡುವ ತಪ್ಪೆಂದರೆ ಕಂಬದ ತುದಿಗೆ ನೇರವಾಗಿ ಹೊಡೆಯುವುದು. ಎರಡೇ ಪೆಟ್ಟಿಗೆ ಚೂಡಿ ಅಣಬೆಯಂತೆ ಅರಳಿ, ನಟ್ಟೂ ಹೋಗದು, ಕೀಲೂ ಬಿಡದು. ಹೊಡೆಯಬೇಕಾದದ್ದು ಆರ್ಮಿನ ಕಣ್ಣಿಗೆ, ಅಂದರೆ ಟೇಪರ್ ಕೂತ ತೂತಿನ ಹೊರಮೈಗೆ, ಅಡ್ಡಲಾಗಿ. ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದು ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಹೊಡೆದರೆ ತೂತು ಕ್ಷಣಮಾತ್ರ ಅಂಡಾಕಾರಕ್ಕೆ ತಿರುಗುತ್ತದೆ, ಕಂಬ ಟಪ್ಪೆಂದು ಕಳಚುತ್ತದೆ. ಸುತ್ತಿಗೆಗೆ ಸುತ್ತಿಗೆ ತಾಗಬಾರದು. ಹದಗೊಳಿಸಿದ ಎರಡು ಮುಖ ಡಿಕ್ಕಿಯಾದರೆ ಸಿಡಿಯುವ ಚೂರು ಕಣ್ಣು ಕಳೆಯಬಲ್ಲದು. ಹೀಗೂ ಬಿಡದಿದ್ದರೆ ಪುಲ್ಲರ್ ಕಟ್ಟಿ, ತಿರುಗಣೆಯನ್ನು ಬಿಗಿದು, ಬಿಗಿತ ಇರುವಾಗಲೇ ಕಣ್ಣಿಗೆ ಪೆಟ್ಟು ಕೊಡುವುದು. ಎಳೆತ ಮತ್ತು ಅದುರು ಎರಡೂ ಕೂಡಿದರೆ ತಡೆಯುವ ಟೇಪರ್ ಅಪರೂಪ. ಕವಲು ಬೆಣೆಯನ್ನು ನಡುವೆ ಬಡಿಯುವುದೂ ಉಂಟು, ಆದರೆ ಅದು ರಬ್ಬರ್ ಬೂಟನ್ನು ಖಂಡಿತ ಹರಿಯುತ್ತದೆ. ಹೊಸ ಟೈರಾಡ್ ಎಂಡ್ ಹಾಕುವುದು ತೀರ್ಮಾನವಾಗಿದ್ದರೆ ಮಾತ್ರ ಅದು ಸರಿ.

ಡ್ರಾಪ್ ಆರ್ಮಿನದೂ ಸಾಮಾನ್ಯವಾಗಿ ಟೇಪರೇ, ಮೇಲೆ ಸಣ್ಣ ಹಲ್ಲುಗಳಿರುತ್ತವೆ. ಆದರೆ ಅದರ ಹಿಂದೆ ಬಾಕ್ಸ್ ಇದೆ. ಬಾಕ್ಸಿನಿಂದ ಹೊರಬಂದ ಶಾಫ್ಟಿನ ತುದಿಗೆ ಘನಪೆಟ್ಟು ಬಿದ್ದರೆ ಆ ಪೆಟ್ಟು ಒಳಗಿನ ಬೇರಿಂಗಿಗೂ ಸೆಕ್ಟರ್ ಗಿಯರಿನ ಹಲ್ಲಿಗೂ ಹೋಗಿ ಗುಳಿ ಬೀಳಿಸುತ್ತದೆ. ಸ್ಟೇರಿಂಗ್ ಆಮೇಲೆ ಜೀವನಪೂರ್ತಿ ತಡೆತಡೆದು ತಿರುಗುತ್ತದೆ. ಇಲ್ಲಿ ಪುಲ್ಲರಿನ ಹೊರತು ಬೇರೆ ದಾರಿ ಬೇಡ. ಎಳೆಯುವ ಮುನ್ನ ಆರ್ಮಿಗೂ ಶಾಫ್ಟಿಗೂ ಎದುರುಬದುರು ಪಂಚಿನ ಗುರುತು ಹೊಡೆಯಬೇಕು. ಚಾಕ್‌ಪೀಸಿನ ಗೆರೆ ಡೀಸೆಲ್ ಒರಸಿದೊಡನೆ ಅಳಿಸಿಹೋಗುತ್ತದೆ.

ಸ್ಟೇರಿಂಗ್ ಆರ್ಮ್ ಮತ್ತು ಸ್ಟಬ್ ಆಕ್ಸಲ್

ಸ್ಟಬ್ ಆಕ್ಸಲಿನ ನಿಲುಗಂಬದ ತಲೆಗೆ ಆರ್ಮ್ ಕೂರುವ ಬಗೆ ಮಾದರಿಯಿಂದ ಮಾದರಿಗೆ ಬೇರೆ: ಕೆಲವಕ್ಕೆ ಹಲ್ಲು, ಕೆಲವಕ್ಕೆ ಚಾವಿ. ಹೆಚ್ಚಿನವುಗಳಲ್ಲಿ ಆರ್ಮಿನ ಕೊರಳು ಸೀಳಿರುತ್ತದೆ, ಅಡ್ಡ ಬೋಲ್ಟು ಅದನ್ನು ಹಿಂಡಿ ಹಿಡಿದಿರುತ್ತದೆ. ಈ ಬೋಲ್ಟು ಬರೀ ಸಡಿಲಾದರೆ ಸಾಲದು. ಅನೇಕ ಗಾಡಿಗಳಲ್ಲಿ ಅದು ಕಂಬದಲ್ಲಿ ಕೊರೆದ ತೋಡಿನೊಳಗೆ ಹಾದುಹೋಗಿ ಆರ್ಮ್ ಮೇಲೇಳದಂತೆ ಬೀಗ ಹಾಕಿರುತ್ತದೆ. ಪೂರ್ತಿ ಹೊರತೆಗೆಯದೆ ಆರ್ಮ್ ಎಳೆದರೆ ಪುಲ್ಲರ್ ಮುರಿಯುತ್ತದೆ, ಆರ್ಮ್ ಕದಲುವುದಿಲ್ಲ.

ಬೋಲ್ಟು ಬಂದ ಮೇಲೆ ಸೀಳಿನೊಳಗೆ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೇ ಬಿಟ್ಟರೆ ಅರ್ಧ ಕೆಲಸ ಆದಂತೆ. ಬೆಳಗ್ಗೆ ಸೀಳಿಗೆ ಚಪ್ಪಟೆ ಚಾಣವನ್ನು ಮೆಲ್ಲಗೆ ಬಡಿದು ಕೂದಲೆಳೆಯಷ್ಟು ಅಗಲಿಸಿ, ಆರ್ಮನ್ನು ಎರಡೂ ಬದಿಯಿಂದ ಸಮವಾಗಿ ಮೇಲಕ್ಕೆತ್ತಬೇಕು. ಚಾಣವನ್ನು ಅತಿಯಾಗಿ ಬಡಿದರೆ ಸೀಳಿನ ಬುಡದಲ್ಲಿ ಬಿರುಕು ಬಿಡುತ್ತದೆ. ಹಿಂದೆ ಯಾರೋ ಸವೆದ ಹಲ್ಲಿಗೆ ತಗಡು ತುರುಕಿದ್ದೋ, ಆರ್ಮನ್ನೇ ಕಂಬಕ್ಕೆ ವೆಲ್ಡಿಂಗ್ ಮಾಡಿದ್ದೋ ಇಂಥ ವೇಳೆ ಬಯಲಾಗುತ್ತದೆ. ಕಲ್ಲಿನ ಟ್ರೇಲರ್ ಎಳೆಯುವ ಗಾಡಿಯಲ್ಲಿ ಹಾಗೆ ವೆಲ್ಡಿಂಗ್ ಮಾಡುವುದು ರಸ್ತೆಯಲ್ಲಿ ಹೋಗುವವರ ಜೀವದೊಂದಿಗೆ ಆಟ. ಅದನ್ನು ಗ್ರೈಂಡರಿನಿಂದ ಕತ್ತರಿಸಿ ಎರಡೂ ಭಾಗ ಹೊಸದು ಹಾಕುವುದೊಂದೇ ದಾರಿ.

ಆರ್ಮ್ ಹೋದ ಮೇಲೆ ಕಂಬ ಕೆಳಕ್ಕೆ ಬೀಳಬೇಕು. ಬೀಳದಿದ್ದರೆ ಬುಶ್ಶಿನೊಳಗೆ ತುಕ್ಕು ಕಚ್ಚಿದೆ ಎಂದರ್ಥ. ಆಗ ಕೆಳಕ್ಕೆ ಹೊಡೆಯುವ ಮೊದಲು ತಿರುಗಿಸಬೇಕು: ಗಾಲಿಯ ಹಬ್ಬನ್ನೇ ಹಿಡಿಯಾಗಿ ಮಾಡಿಕೊಂಡು ಎಡಕ್ಕೆ ಬಲಕ್ಕೆ ಒಂದಿಷ್ಟೊಂದಿಷ್ಟು, ನಡುನಡುವೆ ಎಣ್ಣೆ. ತಿರುಗಿದ್ದು ಇಳಿಯುತ್ತದೆ. ಕೊನೆಗೂ ಪೆಟ್ಟು ಬೇಕಾದರೆ ಹಿತ್ತಾಳೆ ಅಥವಾ ತಾಮ್ರದ ಕಡ್ಡಿ ನಡುವೆ ಇಟ್ಟು ಹೊಡೆಯಬೇಕು. ಕೆಳಗೆ ಕಂಬದ ಭುಜಕ್ಕೂ ಆಕ್ಸಲಿಗೂ ನಡುವಿರುವ ಥ್ರಸ್ಟ್ ಬೇರಿಂಗ್, ವಾಷರುಗಳು ಯಾವ ಮುಖ ಮೇಲೆ, ಯಾವುದು ಕೆಳಗೆ ಎಂದು ಬೀಳುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಬಿಸಿ

ಗ್ಯಾಸ್ ಕಟ್ಟರ್ ಇರುವ ಊರುಗಳಿವು; ಸಿಮೆಂಟ್ ಕಾರ್ಖಾನೆಗಳ ಸಹವಾಸದಲ್ಲಿ ವೆಲ್ಡಿಂಗ್, ಲೇತ್ ಕೆಲಸ ಬಲ್ಲವರು ವಾಡಿ, ಶಹಾಬಾದಿನಲ್ಲಿ ಸುಲಭಕ್ಕೆ ಸಿಗುತ್ತಾರೆ. ಹಾಗಾಗಿ ಬಿಸಿ ಕೊಡುವ ಆಸೆ ಬೇಗ ಹುಟ್ಟುತ್ತದೆ. 40 ಮಿ.ಮೀ. ತೂತಿನ ಆರ್ಮನ್ನು ಇದ್ದ ಬಿಸಿಗಿಂತ 150 ಡಿಗ್ರಿ ಹೆಚ್ಚು ಕಾಯಿಸಿದರೆ ತೂತು ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ತುಕ್ಕಿನ ಕಚ್ಚು ಬಿಡಲು ಅಷ್ಟು ಸಾಕು. ಉಕ್ಕು ಒಣಹುಲ್ಲಿನ ಬಣ್ಣಕ್ಕೆ ಬರುವಷ್ಟರಲ್ಲಿ 220 ಡಿಗ್ರಿ ದಾಟಿರುತ್ತದೆ, ಆದ್ದರಿಂದ ಬಣ್ಣ ಕಾಣುವ ಮೊದಲೇ ಜ್ವಾಲೆ ಸರಿಸಬೇಕು. ಕೆಂಪಾಗುವವರೆಗೆ ಕಾಯಿಸಿದ ಆರ್ಮ್ ತನ್ನ ಹದ ಕಳೆದುಕೊಂಡಿರುತ್ತದೆ. ಮೇಲ್ನೋಟಕ್ಕೆ ಸರಿಯಾಗಿದ್ದರೂ ಅದನ್ನು ಮತ್ತೆ ಹಾಕಬಾರದು. ಬಾಲ್‌ಜಾಯಿಂಟಿಗಂತೂ ಬೆಂಕಿ ತೋರಿಸಲೇಬಾರದು: ಮುಚ್ಚಿದ ಬಟ್ಟಲಿನೊಳಗಿನ ಗ್ರೀಸ್ ಕಾದು ಮುಚ್ಚಳ ಸಿಡಿದ ಪ್ರಸಂಗಗಳಿವೆ. ಜ್ವಾಲೆ ಹಚ್ಚುವ ಮುನ್ನ ಡೀಸೆಲ್ ಒರಸಿ, ಬ್ಯಾಟರಿ ಕಳಚಿ ದೂರ ಇಡಬೇಕು.

ಬುಶ್ ಬದಲಾವಣೆ

ಸವೆದ ಬುಶ್ ಹೊಡೆದು ತೆಗೆಯುವಾಗ ಆಕ್ಸಲಿನ ಕೊಳವೆಯೊಳಮೈಗೆ ಗೀರು ಬೀಳುತ್ತದೆ, ಹೊಸ ಬುಶ್ ಓರೆಯಾಗಿ ಕೂರುತ್ತದೆ. ಹಳೆಯ ಮಿಸ್ತ್ರಿಗಳ ಉಪಾಯ ಹೆಚ್ಚು ನಾಜೂಕು: ಕರಗಸದ ಬ್ಲೇಡನ್ನು ಫ್ರೇಮಿನಿಂದ ಬಿಚ್ಚಿ ಬುಶ್ಶಿನೊಳಗೆ ತೂರಿಸಿ, ಮತ್ತೆ ಫ್ರೇಮಿಗೆ ಕಟ್ಟಿ, ಬುಶ್ಶಿನ ಉದ್ದಕ್ಕೂ ಒಂದು ಸೀಳು ಕೊಯ್ಯುವುದು. ಕೊಳವೆಯ ಉಕ್ಕಿಗೆ ಬ್ಲೇಡು ತಾಗುವ ಮುನ್ನ ನಿಲ್ಲಿಸಬೇಕು. ಕೊಯ್ಯುವ ಸದ್ದೇ ಬದಲಾಗುತ್ತದೆ, ಕಿವಿ ಅದನ್ನು ಹಿಡಿಯಬೇಕು. ಸೀಳಾದ ಮೇಲೆ ಬುಶ್ ತನ್ನ ಬಿಗಿ ಕಳೆದುಕೊಂಡು ಒಳಕ್ಕೆ ಕುಗ್ಗುತ್ತದೆ, ಕಡ್ಡಿಯಿಂದ ತಟ್ಟಿದರೆ ಉದುರುತ್ತದೆ.

ಹೊಸದನ್ನು ಕೂಡಿಸಲು ಉದ್ದನೆಯ ಚೂಡಿ ಕಡ್ಡಿ, ಎರಡು ನಟ್ಟು, ದಪ್ಪ ವಾಷರು ಮತ್ತು ಬುಶ್ಶಿನ ಅಳತೆಯ ಪೈಪಿನ ತುಂಡು ಸಾಕು. ಒಂದು ತುದಿಯ ನಟ್ಟು ಹಿಡಿದು ಇನ್ನೊಂದನ್ನು ತಿರುಗಿಸುತ್ತ ಹೋದರೆ ಬುಶ್ ಪ್ರೆಸ್ ಇಲ್ಲದೆಯೇ ನೇರಕ್ಕೆ ಒಳಸರಿಯುತ್ತದೆ. ಬುಶ್ಶಿನ ಗ್ರೀಸ್ ತೂತು ಕೊಳವೆಯ ಗ್ರೀಸ್ ನಿಪ್ಪಲಿನ ತೂತಿಗೆ ಎದುರಾಗಿಯೇ ಕೂರಬೇಕು. ಹೊರಗಡೆ ಗೆರೆ ಹಾಕಿಕೊಂಡು ಎಳೆಯದಿದ್ದರೆ ಕೊನೆಯ ಸುತ್ತಿನಲ್ಲಿ ಬುಶ್ ಸ್ವಲ್ಪ ತಿರುಗಿ ತೂತು ಮುಚ್ಚಿಹೋಗುತ್ತದೆ; ಆ ಬುಶ್ ಒಂದು ಹನಿ ಗ್ರೀಸ್ ಕಾಣದೆ ಸಾಯುತ್ತದೆ. ಕೂತ ಬುಶ್ ಕೊಂಚ ಕುಗ್ಗುವುದರಿಂದ ರೀಮರ್ ಹಾಯಿಸಿ, ಕಂಬ ಕೈಯಿಂದ ತಿರುಗುವಷ್ಟು, ಆದರೆ ಅಲುಗಾಡದಷ್ಟು ಸಡಿಲ ಕೊಡಬೇಕು. ಮೇಲಿನ, ಕೆಳಗಿನ ಎರಡು ಬುಶ್ಶನ್ನೂ ಒಂದೇ ನೇರದಲ್ಲಿ ಕೊರೆಯುವ ಉದ್ದ ರೀಮರ್ ಲೇತ್ ಅಂಗಡಿಯಲ್ಲಿದ್ದರೆ ಗಾಡಿಯ ಆಕ್ಸಲನ್ನೇ ಅಲ್ಲಿಗೆ ಒಯ್ಯುವುದು ಲೇಸು. ಎರಡನ್ನು ಬೇರೆ ಬೇರೆಯಾಗಿ ಕೊರೆದರೆ ಕಂಬ ಓರೆಯಾಗಿ ಸಿಕ್ಕಿ ಮತ್ತೆ ಬಿಗಿಯುತ್ತದೆ.

ಆಕ್ಸಲ್ ತೂಗುವ ನಡುವಿನ ಪಿನ್ನಿನದೂ ಇದೇ ಕತೆ. ಅದನ್ನು ತೆಗೆಯುವಾಗ ಮಾತ್ರ ಗಾಡಿಯ ಮುಂಭಾರವನ್ನು ಎಂಜಿನ್ನಿನಡಿ ದಪ್ಪ ಮರ ಹಾಸಿ ಹೊರಬೇಕು, ಆಯಿಲ್ ಪ್ಯಾನಿನ ತೆಳು ತಗಡಿನ ಮೇಲಲ್ಲ.

ಮರುಜೋಡಣೆ

ಗ್ರೀಸ್ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದೇ ಇಲ್ಲಿನ ಮುಖ್ಯ ವಿವೇಚನೆ. ಬುಶ್, ಥ್ರಸ್ಟ್ ಬೇರಿಂಗ್, ಸೀಲಿನ ತುಟಿಗೆ ಧಾರಾಳವಾಗಿ. ಹಿಂಡುವ ಬೋಲ್ಟಿನ ಚೂಡಿಗೆ ಮತ್ತು ಆರ್ಮಿನ ಹಲ್ಲುಗಳಿಗೆ ತೆಳುವಾಗಿ, ಮುಂದಿನ ಸಲ ಬಿಚ್ಚುವವನಿಗೆ ಅನುಕೂಲವಾಗಲೆಂದು. ಟೇಪರಿಗೆ ಗ್ರೀಸ್ ಬೇಡ. ಕಂಬ, ಕಣ್ಣು ಎರಡನ್ನೂ ಒಣಬಟ್ಟೆಯಿಂದ ಒರಸಿ ಕೂಡಿಸಬೇಕು. ಗ್ರೀಸ್ ಹಚ್ಚಿದ ಟೇಪರ್ ನಟ್ಟಿನ ಎಳೆತಕ್ಕೆ ಬೇಕಾದ್ದಕ್ಕಿಂತ ಮೇಲಕ್ಕೆ ಏರಿ ಕಣ್ಣನ್ನು ಸೀಳುವಷ್ಟು ಒತ್ತಡ ಹುಟ್ಟಿಸುತ್ತದೆ. ಟೇಪರಿಗೆ ನೀಲಿ ಹಚ್ಚಿ ಒತ್ತಿ ನೋಡಿದಾಗ ಮೇಲೊಂದು ಕೆಳಗೊಂದು ಉಂಗುರ ಮಾತ್ರ ಅಂಟಿದರೆ ಕಣ್ಣು ಸವೆದಿದೆ, ಆ ಆರ್ಮ್ ಹೋದಂತೆಯೇ.

ಕಿರೀಟದ ನಟ್ಟನ್ನು ಬಿಗಿದಾಗ ಸ್ಪ್ಲಿಟ್ ಪಿನ್ನಿನ ತೂತು ಎದುರಾಗದಿದ್ದರೆ ಮುಂದಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಉಳಿತಾಯವಲ್ಲ. ಗ್ರೀಸ್ ತುಂಬುವಾಗ ಆಕ್ಸಲ್ ಎತ್ತಿದ ಸ್ಥಿತಿಯಲ್ಲೇ ಇರಲಿ: ಭಾರ ಇಳಿದಾಗ ಥ್ರಸ್ಟ್ ಬೇರಿಂಗಿನ ಮುಖಗಳ ನಡುವೆ ದಾರಿ ಸಿಗುತ್ತದೆ. ಗಾಲಿಯನ್ನು ಎಡಬಲಕ್ಕೆ ಹೊರಳಿಸುತ್ತ, ಕೆಳಗಿನ ತುಟಿಯಿಂದ ಕಪ್ಪು ಗ್ರೀಸ್ ಹೋಗಿ ಹೊಸ ಬಣ್ಣ ಕಾಣುವವರೆಗೂ ಒತ್ತಬೇಕು. ಎರೆಹೊಲದಲ್ಲಿ ದುಡಿಯುವ ಗಾಡಿಗೆ ಮಳೆಗಾಲದಲ್ಲಿ ದಿನವೂ ಎರಡು ಒತ್ತು ಬೇಕು.

ಕೊನೆಗೆ ಗಾಲಿಗಳ ಹೊಂದಿಕೆ. ಎರಡೂ ಮುಂಗಾಲಿಯ ಟಯರಿನ ನಡುಗೆರೆಗಳ ಅಂತರವನ್ನು ಹಬ್ಬಿನ ಎತ್ತರದಲ್ಲಿ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದು, ಮುಂದಿನ ಅಳತೆ ಕೈಪಿಡಿ ಹೇಳಿದ ಕೆಲವೇ ಮಿ.ಮೀ.ನಷ್ಟು ಕಡಿಮೆ ಬರುವಂತೆ ಟೈರಾಡನ್ನು ತಿರುಗಿಸಬೇಕು. ಅಳತೆ ನೆಲ ಸಮವಿರುವಲ್ಲಿ ಆಗಬೇಕು. ಇದಕ್ಕೆ ಫರಸಿ ಹಾಸಿದ ಅಂಗಳಕ್ಕಿಂತ ಒಳ್ಳೆಯ ಜಾಗವಿಲ್ಲ, ಈ ಸೀಮೆಯಲ್ಲಿ ಅದಕ್ಕೆ ಬರವೂ ಇಲ್ಲ.

ಬಿಡಿಭಾಗಗಳ ಪ್ರಶ್ನೆ

ಮ್ಯಾಸಿ, ಮಹೀಂದ್ರದ ಹಳೆಯ ಮಾದರಿಗಳಿಗೆ ಬುಶ್, ಟೈರಾಡ್ ಎಂಡ್, ಸ್ಟಬ್ ಆಕ್ಸಲ್ ಕಲಬುರಗಿಯಲ್ಲಿ ಸಿಗುತ್ತವೆ. ಚಿಂಚೋಳಿಯವರಿಗೆ ಗಡಿಯಾಚೆಯ ತಾಂಡೂರು, ಜಹೀರಾಬಾದ್ ಹತ್ತಿರ. ಜಹೀರಾಬಾದಿನಲ್ಲಿ ಮಹೀಂದ್ರದ ಟ್ರ್ಯಾಕ್ಟರ್ ಕಾರ್ಖಾನೆಯೂ ಇದೆ. ಕಷ್ಟ ಎಚ್‌ಎಂಟಿ ಇಟ್ಟುಕೊಂಡವರದು. ಬೆಂಗಳೂರಿನ ಆ ಸಂಸ್ಥೆಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಅಸಲಿ ಬಿಡಿಭಾಗ ಹುಡುಕುವುದು ಗುಜರಿ ಅಂಗಡಿಗಳ ಪಾಲಿಗೆ ಬಂದಿದೆ. ಇಂಥ ಗಾಡಿಗೆ ಬುಶ್, ವಾಷರು, ನಡುವಿನ ಪಿನ್ ಲೇತಿನಲ್ಲಿ ಮಾಡಿಸಿದರೆ ತೊಂದರೆಯಿಲ್ಲ. ಸ್ಟಬ್ ಆಕ್ಸಲ್ ಮತ್ತು ಸ್ಟೇರಿಂಗ್ ಆರ್ಮ್ ಮಾತು ಬೇರೆ: ಅವು ಕಾಯಿಸಿ ಬಡಿದು ಹದಗೊಳಿಸಿದ ಉಕ್ಕಿನವು. ಸರಳು ತಿರುವಿ, ಗಾಲಿಯ ಕಡ್ಡಿಯನ್ನು ವೆಲ್ಡಿಂಗ್ ಮಾಡಿ ಕೂಡಿಸಿದ ಸ್ಟಬ್ ಆಕ್ಸಲ್ ಹೊಲದಲ್ಲಿ ಬಾಳಿಕೆ ಬರಬಹುದು. ಕಲ್ಲುಗಣಿಯ ಇಳಿಜಾರಿನಲ್ಲಿ ಫರಸಿ ಹೊತ್ತ ಟ್ರೇಲರ್ ಹಿಂದಿನಿಂದ ತಳ್ಳುವಾಗ ಮುರಿಯುವುದು ಆ ವೆಲ್ಡಿಂಗಿನ ಅಂಚಿನಲ್ಲೇ. ಅದಕ್ಕಿಂತ ಗುಜರಿಯ ಅಸಲಿ ತುಂಡು, ಬಿರುಕು ಇಲ್ಲವೆಂದು ಸೀಮೆಎಣ್ಣೆ ಒರಸಿ ಸುಣ್ಣದ ಪುಡಿ ಹಚ್ಚಿ ನೋಡಿಕೊಂಡ ಮೇಲೆ, ಹೆಚ್ಚು ನಂಬಿಕೆಯದು.